ಎಂಟೂವರೆ ಅಡಿ

ನಮ್ಮ ಹೊಸ ಮನೆ ನೋಡಲು ಬಂದವರು ಮೊದಲು ಟೈಲ್ಸ್ ನೋಡುತ್ತಾರೆ. ಆಮೇಲೆ ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ ಕೈ ಆಡಿಸುತ್ತಾರೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ "ಒಟ್ಟು ಎಷ್ಟಾತು?" ಅಂತ ಕೇಳುತ್ತಾರೆ. 36 ಲಕ್ಷ ಅಂದರೆ ಒಮ್ಮೆ ಮೇಲೆ ನೋಡಿ, "ಅಷ್ಟ್ಯಾಕ ಆತು? ಮ್ಯಾಲೆ ಒಂದು ರೂಮೂ ಇಲ್ಲಲ್ಲ" ಅನ್ನುತ್ತಾರೆ. ಮೇಲಿನ ರೂಮು ಇದೆ, ಈ ಮನೆಯ ಕೆಳಗೇ ಹೂತಿದೆ. ಬಂದವರಿಗೆ ಅದನ್ನು ಹೇಗೆ ತೋರಿಸೋದು?

ನಮ್ಮ ಪ್ಲಾಟ್ ಇರೋದು ಹುಬ್ಬಳ್ಳಿಯ ಗದಗ ರೋಡ್ ಕಡೆ. 30x40. 2017ರಲ್ಲಿ ತಗೊಂಡಾಗ ತೋರಿಸಿದವನು ಎನ್‌ಎ (ಹೊಲದ ಜಾಗವನ್ನು ಬೇರೆ ಬಳಕೆಗೆ ಬದಲಿಸುವ ಮಂಜೂರಾತಿ) ಆಗಿದೆ ಅಂದ, ಉತಾರ (ಜಾಗದ ದಾಖಲೆ) ಕ್ಲಿಯರ್ ಅಂದ, ಪೂರ್ವಕ್ಕೆ ಬಾಗಿಲು ಬರುತ್ತೆ ಅಂದ. ಮಣ್ಣಿನ ಬಗ್ಗೆ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಧಾರವಾಡದಿಂದ ಪಡುವಣಕ್ಕೆ ಹೋದರೆ ಕೆಂಪು ಮಣ್ಣು, ಮಲೆನಾಡಿನ ಸೆರಗು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ಗದಗ ಕಡೆ ಹೊರಟರೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹತ್ತಿ, ಕಡಲೆ, ಜೋಳಕ್ಕೆ ಬಂಗಾರದಂಥ ಮಣ್ಣು. ಮನೆಗೆ ಮಾತ್ರ ಶನಿ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತದೆ. ಪ್ರತಿವರ್ಷ ಮೇಲೆದ್ದು ಕೆಳಗಿಳಿಯುವ ನೆಲದ ಮೇಲೆ ಗೋಡೆ ಸುಮ್ನೆ ಕೂರುತ್ತಾ?

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಾವು ಎರಿ ಹೊಲದವರೇ. ಆದರೂ ಒಂದು ವರ್ಷ ಪ್ಲ್ಯಾನ್ ಮಾಡುವಾಗ ಆ ಮಾತು ಒಮ್ಮೆಯೂ ಬರಲಿಲ್ಲ. ಅಡುಗೆಮನೆ ಆಗ್ನೇಯಕ್ಕೇ ಬೇಕಾ, ದೇವರ ಕೋಣೆ ಎಷ್ಟು ಅಡಿ, ಟಿವಿ ಯಾವ ಗೋಡೆಗೆ, ಎಲಿವೇಶನ್‌ಗೆ ಯಾವ ಬಣ್ಣ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಏಳು ಪ್ಲ್ಯಾನ್ ಓಡಾಡಿದವು. ಅವ್ವನಿಗೆ ಮುಂದೆ ಒಂದು ಕಟ್ಟೆ ಬೇಕಿತ್ತು, ಸಂಜೆ ಕೂರೋಕೆ. ನನಗೆ ಕಾರು ನಿಲ್ಲಿಸೋಕೆ ಜಾಗ ಬೇಕಿತ್ತು. (ಕಾರು ಇನ್ನೂ ತಗೊಂಡಿಲ್ಲ. ಆ ಜಾಗದಲ್ಲಿ ಈಗ ಅವ್ವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.) ಇಷ್ಟೆಲ್ಲ ಜಗಳದ ನಡುವೆ ಎಸ್ಟಿಮೇಟಿನಲ್ಲಿ "ಪಾಯ 4 ಅಡಿ" ಅಂತ ಒಂದೇ ಒಂದು ಸಾಲಿತ್ತು. ಅದನ್ನು ಯಾರೂ ಓದಲಿಲ್ಲ.

2022ರ ಫೆಬ್ರವರಿ. ಗುದ್ದಲಿ ಪೂಜೆಗೆ ಅಪ್ಪ ಊರಿಂದ ಬಂದ. ಪ್ಲ್ಯಾನ್ ಹಾಳೆ ಕೈಗೆ ಕೊಟ್ಟರೆ ಮಡಚಿ ಕಿಸೆಗೆ ಇಟ್ಟುಕೊಂಡ. ಪ್ಲಾಟ್ ತುಂಬ ಒಂದು ಸುತ್ತು ಹಾಕಿ, ಒಂದು ಬಿರುಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಹತ್ತಿ ಕಟ್ಟಿಗೆ ಒಳಗೆ ಇಳಿಸಿದ. ಅದು ಇಳಿಯಿತು, ಇನ್ನೂ ಇಳಿಯಿತು. ಹೊರಗೆ ತೆಗೆದು ಮೊಳ ಹಾಕಿ ನೋಡಿದರೆ ಒಂದೂವರೆ ಮೊಳ.

"ಲೇ ತಮ್ಮಾ, ಇದು ನಮ್ಮ ಹೊಲದ ಮಣ್ಣ ಐತಿ. ಫೆಬ್ರವರಿಗೆ ಇಷ್ಟು ಬಾಯಿ ತಗದದ, ಮೇ ತಿಂಗಳಿಗೆ ಎಷ್ಟು ತಗೀತದ?"

ಕಂಟ್ರಾಕ್ಟರ್ ನಕ್ಕ. "ಅಜ್ಜಾರ, ಈ ಏರಿಯಾದಾಗ ಎಲ್ಲಾರೂ ನಾಕು ಅಡೀನ ಹಾಕ್ಯಾರ್ರಿ. ಏನೂ ಆಗಂಗಿಲ್ಲ."

ಅಪ್ಪ ವಾದ ಮಾಡಲಿಲ್ಲ. ಅವನನ್ನು ಕರಕೊಂಡು ಹಿಂದಿನ ಓಣಿಗೆ ಹೋದ. ಅಲ್ಲೊಂದು ಮನೆ, ಕಟ್ಟಿ ನಾಲ್ಕೈದು ವರ್ಷ ಆಗಿರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಗಿಳಿದ ಬಿರುಕು. ಪುಟ್ಟಿ ತುಂಬಿ ಬಣ್ಣ ಹಚ್ಚಿದ್ದರು, ಅದರ ಪಕ್ಕದಲ್ಲೇ ಮತ್ತೊಂದು ಬಿಟ್ಟಿತ್ತು. "ಇವರೂ ನಾಕು ಅಡೀನ ಹಾಕ್ಯಾರೇನು?" ಅಂದ ಅಪ್ಪ.

ನಿಜ ಹೇಳಬೇಕು ಅಂದರೆ ಆವತ್ತು ನಾನು ಕಂಟ್ರಾಕ್ಟರ್ ಕಡೆ ಇದ್ದೆ. ದುಡ್ಡಿನ ಲೆಕ್ಕ ನನ್ನ ತಲೆಯಲ್ಲಿತ್ತು. ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಧಾರವಾಡದ ಕುಮಾರೇಶ್ವರ ನಗರದ ಮಾತು ತೆಗೆದಳು. 2019ರ ಮಾರ್ಚ್‌ನಲ್ಲಿ ಅಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ಕಟ್ಟಡಕ್ಕೂ ನಮ್ಮ ಒಂದಂತಸ್ತಿನ ಮನೆಗೂ ಹೋಲಿಕೆ ಇಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ "ಮಾಮಾ ಹೇಳಿದ್ದನ್ನ ಒಮ್ಮೆ ಯಾರಿಗಾದ್ರೂ ಕೇಳಿ ನೋಡೂಣಲ್ಲ" ಅಂದಾಗ ಬೇಡ ಅನ್ನೋಕೆ ಆಗಲಿಲ್ಲ. ಮರುದಿನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೆಸಿದೆವು. ಅವರು ಒಂದು ಗುಂಡಿ ತೆಗೆಸಿ ನೋಡಿ, ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಗೋವರೆಗೂ ಇಳೀಲೇಬೇಕು ಅಂದರು.

ಹನ್ನೆರಡು ಗುಂಡಿ ತೆಗೆದರು. ಜೆಸಿಬಿ ಅಗೆದಷ್ಟು ಅಗೆದು ಹೋದಮೇಲೆ ತಳ ಸಮ ಮಾಡೋಕೆ ಆಳುಗಳು ಹಾರೆ ಹಿಡಿದು ಇಳಿದರು. ಮೇಲೆ ಕಪ್ಪು ಮಣ್ಣು, ಹಾರೆಗೆ ಬೆಲ್ಲದ ಹಾಗೆ ಅಂಟೋದು. ಐದಾರು ಅಡಿ ಆದಮೇಲೆ ಬಣ್ಣ ಸ್ವಲ್ಪ ಹಳದಿಗೆ ತಿರುಗಿ, ನಡುನಡುವೆ ಸುಣ್ಣದ ಬಿಳಿ ಹರಳು. ಅಪ್ಪ ದಂಡೆ ಮೇಲೆ ಕೂತಿದ್ದ. ಒಳಗೆ ನೋಡುತ್ತಿರಲಿಲ್ಲ, ಬೀಡಿ ಸೇದುತ್ತಾ ರಸ್ತೆ ನೋಡುತ್ತಿದ್ದ. ಒಂದು ಸಲ ಹಾರೆಯ ಸದ್ದು ಬದಲಾಯಿತು. ಅಷ್ಟೊತ್ತು ಧಪ್ ಧಪ್ ಅಂತಿದ್ದದ್ದು ಖಣ್ ಅಂದಿತು. "ಬಂತು" ಅಂದ. ಟೇಪು ಬಿಟ್ಟು ನೋಡಿದರೆ ಎಂಟೂವರೆ ಅಡಿ.

ಆಮೇಲೆ ಕೋಣೆಗಳ ಕೆಳಗಿನ ಕಪ್ಪು ಮಣ್ಣನ್ನೂ ತೆಗೆಸಿ, ಟ್ರ್ಯಾಕ್ಟರ್‌ಗಟ್ಟಲೆ ಗರಸು ತುಂಬಿಸಿ, ನೀರು ಹೊಡೆದು ಧಮ್ಮಸ್ಸು ಮಾಡಿಸಿದೆವು. ಹೆಚ್ಚಿನ ಕಬ್ಬಿಣ, ಸಿಮೆಂಟು, ಖಡಿ, ಉಸುಕು ಎಲ್ಲ ಸೇರಿ ಸುಮಾರು 2 ಲಕ್ಷ 80 ಸಾವಿರ ನೆಲದೊಳಗೆ ಹೋಯಿತು. ಮೇಲಿನ ರೂಮು ಕೈಬಿಟ್ಟಿದ್ದು ಆಗಲೇ.

ಬ್ಯಾಂಕಿನ ಕಥೆ ಇನ್ನೊಂದು. ಸಾಲದ ಕಂತು ಬಿಡೋಕೆ ಅವರ ಕಡೆಯವರು ಬಂದು ನೋಡಿ, ಫೋಟೋ ತೆಗೆದು, "ಇನ್ನೂ ಪ್ಲಿಂತ್‌ಗೆ ಬಂದಿಲ್ಲಲ್ರೀ ಸರ್" ಅಂದು ಹೋದರು. ಪ್ಲಿಂತ್ ಅಂದರೆ ಪಾಯ ಮುಗಿದು ನೆಲದ ಮೇಲೆ ಏಳುವ ಕಟ್ಟೆ. ಎರಡು ತಿಂಗಳ ಕೆಲಸ ಫೋಟೋದಲ್ಲಿ ಬರೀ ಬಯಲು. ಹೆಂಡತಿಯ ಎರಡು ಬಳೆ ಆ ತಿಂಗಳು ಅಡವು ಹೋದವು.

ನನಗೆ ಸಿಟ್ಟು ಬರೋದು ಈ "ಚದರ ಅಡಿಗೆ ಇಷ್ಟು" ಅನ್ನೋ ಲೆಕ್ಕದ ಮೇಲೆ. ಧಾರವಾಡದ ಕೆಂಪು ಮಣ್ಣಿಗೂ ಅದೇ ರೇಟು, ನಮ್ಮ ಕಡೆ ಎರಿಗೂ ಅದೇ ರೇಟು. ಚದರ ಅಡಿಯಲ್ಲಿ ಉದ್ದ ಇದೆ, ಅಗಲ ಇದೆ, ಆಳ ಎಲ್ಲಿದೆ? ಆ ರೇಟಿಗೆ ಒಪ್ಪಿಕೊಂಡ ಕಂಟ್ರಾಕ್ಟರ್ ಆಳದಲ್ಲಿ ಉಳಿಸದೆ ಇನ್ನೆಲ್ಲಿ ಉಳಿಸಬೇಕು? ಅವನನ್ನು ಪೂರ್ತಿ ಬೈಯೋಕೂ ನನಗೆ ಮನಸ್ಸಿಲ್ಲ. ನಾವೇ ಟೈಲ್ಸ್‌ಗೆ ನಾಲ್ಕು ಅಂಗಡಿ ಸುತ್ತಿದೆವು, ಗುಂಡಿ ನೋಡೋಕೆ ಒಂದು ದಿನ ರಜೆ ಹಾಕೋಕೆ ಹಿಂದೆ ಮುಂದೆ ನೋಡಿದೆವು. ಪ್ಲಾಟ್ ತಗೊಳ್ಳುವ ಮುಂಚೆ ಯಾರಾದರೂ ಈಗ ನನ್ನನ್ನು ಕೇಳಿದರೆ ವಾಸ್ತು ಆಮೇಲೆ, ಮೊದಲು ಒಂದು ಗುಂಡಿ ತೆಗೆಸು ಅನ್ನುತ್ತೇನೆ. ಗರಸು ನಾಲ್ಕು ಅಡಿಗೆ ಸಿಗುವ ಪ್ಲಾಟಿಗೆ ಲಕ್ಷ ರೂಪಾಯಿ ಜಾಸ್ತಿ ಕೊಟ್ಟರೂ ಲಾಭವೇ.

ಸ್ಲ್ಯಾಬ್ ಹಾಕಿದ್ದು ಮೇ ತಿಂಗಳಲ್ಲಿ. ಅದು ಗಟ್ಟಿಯಾಗೋಕೆ ದಿನಾ ನೀರು ಬೇಕು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 2008ರಿಂದಲೇ 24 ತಾಸು ನೀರು. ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ. ಮಲಪ್ರಭೆಯ ನೀರು ಸವದತ್ತಿಯಿಂದ ಬಂದು ನಮ್ಮ ನಳ ಮುಟ್ಟೋ ಹೊತ್ತಿಗೆ ಸ್ಲ್ಯಾಬ್ ಒಣಗಿ ಹೋಗಿರೋದು. ಟ್ಯಾಂಕರ್ ಹಾಕಿಸಿದೆವು. ಸ್ಲ್ಯಾಬ್ ಮೇಲೆ ಸಣ್ಣ ಒಡ್ಡು ಕಟ್ಟಿ ಗದ್ದೆಯ ಹಾಗೆ ನೀರು ನಿಲ್ಲಿಸಿದ್ದರು. ಕೆಲಸದವರು ಐದು ದಿನಕ್ಕೆ ಸಾಕು ಅಂದರು. ಅವ್ವ ಕೇಳಲಿಲ್ಲ. ಬೆಳಗ್ಗೆ ಐದಕ್ಕೆ ಏಣಿ ಹತ್ತಿ ಹದಿನಾಲ್ಕು ದಿನ ನೀರು ಬಿಟ್ಟಳು, ಕಂಬಗಳಿಗೆ ಸುತ್ತಿದ ಗೋಣಿಚೀಲ ತೋಯಿಸಿದಳು. ನಡುವೆ ಎರಡು ದಿನ ಜ್ವರ ಬಂದಾಗಲೂ ನನ್ನನ್ನು ಎಬ್ಬಿಸಿ ಕಳಿಸಿದಳು.

ತಮಾಷೆ ನೋಡಿ, ಮೇಲೆ ಅಷ್ಟು ನೀರು ಬೇಕಾದ ಮನೆಗೆ ಕೆಳಗೆ ಒಂದು ಹನಿಯೂ ಬೇಡ. ಗೋಡೆ ಸುತ್ತ ಮೂರು ಅಡಿ ಕಾಂಕ್ರೀಟ್ ಹಾಸಿ, ಮಾಳಿಗೆಯ ನೀರನ್ನು ಪೈಪಿನಲ್ಲಿ ಗಟಾರಕ್ಕೆ ಬಿಟ್ಟೆವು. ಅವ್ವ ಹಿತ್ತಲ ಗೋಡೆಯ ಪಕ್ಕಕ್ಕೇ ನುಗ್ಗೆ ಹಚ್ಚಬೇಕು ಅಂತ ಟೊಂಗೆ ತಂದಿಟ್ಟಿದ್ದಳು. ಬೇರು ಒಂದೇ ಕಡೆ ನೀರು ಎಳೆದರೆ ಆ ಕಡೆ ಮಣ್ಣು ಕುಗ್ಗುತ್ತೆ ಅಂತ ಎಂಜಿನಿಯರ್ ಹೇಳಿದ್ದನ್ನು ಹೇಳಿದೆ. "ನುಗ್ಗಿಕಾಯಿ ಇಲ್ಲದ ಮನಿ ಎಂಥಾ ಮನಿಯೋ" ಅಂದಳು. ಕೊನೆಗೆ ಎದುರಿನ ಖಾಲಿ ಪ್ಲಾಟಿನಲ್ಲಿ ಹಚ್ಚಿದಳು. ಈಗ ಇಡೀ ಓಣಿ ಅದರ ಕಾಯಿ ತಿನ್ನುತ್ತದೆ. ಆ ಪ್ಲಾಟಿನವರು ಮನೆ ಕಟ್ಟೋಕೆ ಬಂದ ದಿನ ಏನಾಗುತ್ತೋ!

ಕಾರ್ತಿಕದಲ್ಲಿ ವಾಸ್ತುಶಾಂತಿ ಆಯಿತು. ಆ ಹೊತ್ತಿಗೆ ಕೈ ಪೂರ್ತಿ ಖಾಲಿ. ಕಂಪೌಂಡ್ ಮಾತ್ರ ಉಳಿದಿತ್ತು. "ಅದೇನು ಬಿಡ್ರಿ, ಬರೀ ಗ್ವಾಡಿ" ಅಂತ ಗೌಂಡಿ ಅಂದ, ನಾನೂ ಹೂಂ ಅಂದೆ. ಎರಡು ಅಡಿ ಪಾಯ ಹಾಕಿ ಮುಗಿಸಿದೆವು. ಅಪ್ಪ ಆಗ ಕಡಲೆ ಬಿತ್ತೋ ಗಡಿಬಿಡಿಯಲ್ಲಿ ಊರಲ್ಲಿದ್ದ.

ಮನೆ ಗೋಡೆಯಲ್ಲಿ ಇವತ್ತಿಗೂ ಒಂದು ಗೆರೆ ಇಲ್ಲ. ಕಂಪೌಂಡಿನಲ್ಲಿ ಗೇಟಿನ ಎಡಕ್ಕೆ ಮೊದಲ ಬೇಸಿಗೆಗೇ ಕೂದಲೆಳೆಯಷ್ಟು ಬಿಟ್ಟಿತು. ಅಪ್ಪ ಬಂದಾಗ ಉಗುರು ತೂರಿಸಿ ನೋಡಿದ, ಹೋಗಲಿಲ್ಲ. ಎರಡನೇ ಬೇಸಿಗೆಗೆ ಒಂದು ರೂಪಾಯಿ ನಾಣ್ಯದ ಅಂಚು ಕೂತಿತು. ಈ ಸಲ ಬಂದವನು ಚಪ್ಪಲಿ ಬಿಡೋಕೂ ಮುಂಚೆ ಅಲ್ಲಿಗೆ ಹೋಗಿ, ಕಿಸೆಯಿಂದ ಹಳೇ ದಪ್ಪ ಐದು ರೂಪಾಯಿ ತೆಗೆದು ತೂರಿಸಿದ. ಅದು ಒಳಗೆ ಜಾರಿ ಎಲ್ಲೋ ಕೆಳಗೆ ಠಣ್ ಅಂತು.

"ಐದು ರೂಪಾಯಿ ಕೊಡ್ಲೇ" ಅಂತ ನನ್ನ ಕಡೆ ಕೈ ಚಾಚಿದ. ಕೊಟ್ಟೆ.