ಶಿಕ್ಷೆಯಿಲ್ಲದೆ ಮಕ್ಕಳನ್ನು ಬೆಳೆಸಬಹುದಾ?

ಯೇಸುವನ್ನು ನಂಬುವ ಮನೆಯಲ್ಲಿ ಮಕ್ಕಳಿಗೆ ಶಿಕ್ಷೆ ಇರಬೇಕಾ? ಬೇಡ ಎನ್ನುತ್ತಾರೆ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ. ಬೇಕು ಎನ್ನುತ್ತಾರೆ ಶಿವಮೊಗ್ಗದ ಒಬ್ಬ ಅಜ್ಜ.

ಪರ (ಶಿಕ್ಷೆ ಬೇಡ, ತಾಯಿ): ಮೊದಲು ಬಿಡಬೇಕಾದದ್ದು ನನ್ನ ಸಿಟ್ಟು

ಕಳೆದ ಸುಗ್ಗಿಯ ಮಾತು. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿದ್ದೆವು. ಮೋಡ ಕಟ್ಟಿದರೆ ಟಾರ್ಪಾಲು ಎಳೆದುಬಿಡು ಎಂದು ಮಗನಿಗೆ ಹೇಳಿ ತೋಟಕ್ಕೆ ಇಳಿದೆ. ಅವನಿಗೆ ಒಂಬತ್ತು ವರ್ಷ. ಅಕಾಲದ ಮಳೆ ಬಂತು. ಅವನು ಗದ್ದೆ ಬಯಲಲ್ಲಿ ಕ್ರಿಕೆಟ್ ಆಡುತ್ತಿದ್ದ. ನಾನು ಓಡಿ ಬರುವಷ್ಟರಲ್ಲಿ ಅಡಿಕೆಯೆಲ್ಲ ನೆನೆದು ಹೋಗಿತ್ತು. ಬೂಸ್ಟು ಹಿಡಿದ ಅಡಿಕೆಗೆ ಮಂಡಿಯಲ್ಲಿ ಏನು ರೇಟು ಸಿಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಜಂತಿಗೆ ಸಿಕ್ಕಿಸಿದ್ದ ಸೀಬೆ ಬರಲಿಗೆ ಕೈ ಹಾಕಿದೆ. ತಿರುಗಿ ನೋಡಿದರೆ ಮಗ ಆಗಲೇ ಬಲಗೈ ಚಾಚಿ ನಿಂತಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಗೆಣ್ಣಿಗೆ ಪೆಟ್ಟು ಬೀಳದ ಹಾಗೆ ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿಕೊಂಡಿದ್ದ. ಆ ಹೆಬ್ಬೆರಳು ನೋಡಿ ನನ್ನ ಕೈ ನಿಂತುಹೋಯಿತು. ಎಷ್ಟು ಸಲ ಹೊಡೆಸಿಕೊಂಡರೆ ಮಗು ಇದನ್ನು ಕಲಿಯುತ್ತದೆ? ಎರಡು ಏಟು ತಿಂದರೆ ಲೆಕ್ಕ ಚುಕ್ತಾ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಅಡಿಕೆಯ ಯೋಚನೆ ಅವನ ಮುಖದಲ್ಲಿ ಇರಲೇ ಇಲ್ಲ.

ಅವತ್ತು ಹೊಡೆಯಲಿಲ್ಲ. ರಾತ್ರಿ ಒಲೆಯ ಕಾವಿಗೆ ಗೋಣಿ ಹಾಸಿ, ಇಬ್ಬರೂ ಕೂತು ಅಡಿಕೆ ಹರವಿ ತಿರುವಿ ಹಾಕಿದೆವು. ಹನ್ನೊಂದು ಗಂಟೆ ಹೊತ್ತಿಗೆ ಅವನೇ ಕೇಳಿದ, "ಅಮ್ಮಾ, ಇದೆಲ್ಲ ಎಷ್ಟು ದುಡ್ಡಿನದು?" ಹೇಳಿದೆ. ಅತ್ತುಬಿಟ್ಟ. ಏಟು ತಿಂದಾಗ ಅವನು ಯಾವತ್ತೂ ಹಾಗೆ ಅತ್ತಿರಲಿಲ್ಲ.

"ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು" ಎಂಬ ಬೈಬಲ್‌ನ ಜ್ಞಾನೋಕ್ತಿ ಪುಸ್ತಕದ ಮಾತನ್ನು ನನಗೆ ತುಂಬಾ ಜನ ತೋರಿಸಿದ್ದಾರೆ. ಆ ಮಾತು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಪುಸ್ತಕಕ್ಕೆ ಅರಸ ಸೊಲೊಮೋನನ ಹೆಸರಿದೆ. ಅವನ ಮಗ ರೆಹಬ್ಬಾಮ ಏನಾದ? ಪಟ್ಟಕ್ಕೆ ಬಂದಾಗ ಹಿರಿಯರು ಅವನಿಗೆ, ಈ ಜನರ ಸೇವಕನಾಗಿ ನಡೆದುಕೋ, ಅವರು ಸದಾ ನಿನ್ನವರಾಗಿರುತ್ತಾರೆ ಎಂದರು. ಅವನು ಕೇಳಲಿಲ್ಲ. ಅಪ್ಪ ಕೊರಡೆಯಿಂದ ದಂಡಿಸಿದ, ನಾನು ಅದಕ್ಕಿಂತ ಜಾಸ್ತಿ ದಂಡಿಸುತ್ತೇನೆ ಎಂದ. ಇಸ್ರಾಯೇಲಿನ ಹತ್ತು ಕುಲಗಳು ಅವನನ್ನು ಬಿಟ್ಟು ಹೋದವು. ಸೇವೆ ಮಾಡಿ ಗೆಲ್ಲು ಎಂದ ಆ ಹಿರಿಯರ ಮಾತಿನಲ್ಲೇ ನನಗೆ ತಾಯ್ತನದ ದಾರಿ ಕಾಣುತ್ತದೆ. ಶಿಷ್ಯರ ಪಾದ ತೊಳೆದ ಯೇಸು ಮಾಡಿದ್ದೂ ಅದನ್ನೇ ಅಲ್ವಾ?

ಇಟಲಿಯ ಟುರಿನ್‌ನಲ್ಲಿ ಬೀದಿ ಹುಡುಗರ ಜೊತೆ ಬದುಕಿದ ಪಾದ್ರಿ ಡಾನ್ ಬೋಸ್ಕೊ 1877ರಲ್ಲಿ ತಮ್ಮ ಪದ್ಧತಿಯನ್ನು ಬರೆದಿಟ್ಟರು. ವಿವೇಕ, ಧರ್ಮ, ಮಮತೆ, ಈ ಮೂರರ ಮೇಲೆ ಅದು ನಿಂತಿದೆ. ಕೈ ಎತ್ತಲೇಬಾರದು, ಹೊಡೆದರೆ ಹುಡುಗರು ರೇಗುತ್ತಾರೆ, ಹೊಡೆದವನೂ ಸಣ್ಣವನಾಗುತ್ತಾನೆ ಎಂದರು ಅವರು.

ನನ್ನ ಅನುಭವವೂ ಅದೇ. ನಾನು ಹೊಡೆದದ್ದು ಹೆಚ್ಚಾಗಿ ಮಗನ ತಪ್ಪಿಗಲ್ಲ. ಆಳು ಬಾರದ ದಿನ, ಮೂರು ದಿನ ಕರೆಂಟ್ ಇಲ್ಲದ ದಿನ, ಯಾರದೋ ಮಾತು ಚುಚ್ಚಿದ ದಿನ ಹೊಡೆದೆ. ಅದೇ ತಪ್ಪಿಗೆ ಬೇರೆ ದಿನ ನಕ್ಕು ಸುಮ್ಮನಾಗಿದ್ದೆ. ಹಾಗಾದರೆ ಶಿಕ್ಷೆ ಯಾರಿಗೋಸ್ಕರ? ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯೊಂದರಲ್ಲಿ, ಪಾಲು ತೆಗೆದುಕೊಂಡು ಮನೆ ಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡ ಮಗ ಹಿಂದಕ್ಕೆ ಬರುತ್ತಾನೆ. ನನ್ನನ್ನು ಕೂಲಿಯವನಂತೆ ಇಟ್ಟುಕೋ ಎಂದು ಹೇಳಬೇಕು ಅಂತ ದಾರಿಯಲ್ಲೇ ಮಾತು ಜೋಡಿಸಿಕೊಂಡಿರುತ್ತಾನೆ. ಆ ಮಾತು ಬಾಯಿಗೆ ಬರುವ ಮೊದಲೇ ಅಪ್ಪ ಒಳ್ಳೆ ಬಟ್ಟೆ ತರಿಸುತ್ತಾನೆ. ಕೈ ಚಾಚಿ ನಿಂತ ನನ್ನ ಮಗನಿಗೆ ನಾನೂ ಅಂಥ ಮನೆಯನ್ನೇ ಕೊಡಬೇಕು.

ವಿರೋಧ (ಶಿಕ್ಷೆ ಬೇಕು, ಅಜ್ಜ): ಏಟು ಬೇರೆ, ಶಿಕ್ಷೆ ಬೇರೆ

ತಂಗಿ ಬರೆದದ್ದು ಓದಿ ಕಣ್ಣು ಒದ್ದೆಯಾಯಿತು. ಬೆತ್ತದ ಪರ ನಾನೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದು ಎನ್ನುತ್ತದೆ. ಸ್ವೀಡನ್ 1979ರಲ್ಲೇ ಮನೆಯಲ್ಲೂ ಹೊಡೆಯಬಾರದು ಎಂದಿತು. ಒಳ್ಳೆಯದೇ ಆಯಿತು.

ಆದರೆ ಒಂದು ಕೇಳುತ್ತೇನೆ. ಆಟ ಬಿಡಿಸಿ, ರಾತ್ರಿ ಹನ್ನೊಂದರವರೆಗೆ ನೆನೆದ ಅಡಿಕೆ ಮುಂದೆ ಮಗನನ್ನು ಕೂರಿಸಿದ್ದು ಶಿಕ್ಷೆಯಲ್ಲದೆ ಇನ್ನೇನು? ತಂಗಿ ಶಿಕ್ಷೆಯನ್ನು ಬಿಡಲಿಲ್ಲ. ಕೆಟ್ಟ ಶಿಕ್ಷೆ ಬಿಟ್ಟು ಒಳ್ಳೆಯದನ್ನು ಕೊಟ್ಟಳು. ಡಾನ್ ಬೋಸ್ಕೊ ಅವರ ಅದೇ ಬರಹದಲ್ಲಿ ಶಿಕ್ಷೆಯ ಬಗ್ಗೆಯೇ ಒಂದು ಭಾಗ ಇದೆ. ನಾಲ್ಕು ಜನರೆದುರು ಬೇಡ, ಒಬ್ಬನೇ ಇದ್ದಾಗ ತಿದ್ದಿ ಎನ್ನುತ್ತಾರೆ. ಶಿಕ್ಷೆಯೇ ಬೇಡ ಎಂದವರಲ್ಲ ಅವರು.

ಲೂಕನ ಆ ಅಪ್ಪನನ್ನೂ ಸರಿಯಾಗಿ ನೋಡಬೇಕು. ಮಗ ದೂರದೇಶದಲ್ಲಿ ಹಂದಿ ಕಾಯುತ್ತಾ ಹಸಿದಿದ್ದಾಗ ಅಪ್ಪ ದುಡ್ಡು ಕಳಿಸಲಿಲ್ಲ. ಕಳಿಸಿದ್ದರೆ ಆ ಹುಡುಗನಿಗೆ ಬುದ್ಧಿ ಬರುತ್ತಿತ್ತಾ?

ನಮ್ಮ ಪರಿಚಯದ ಮನೆಯೊಂದರಲ್ಲಿ ಹುಡುಗ ಮೊಬೈಲ್ ಗೇಮಿಗೆ ಅಮ್ಮನ ಖಾತೆಯಿಂದ ದುಡ್ಡು ಸುರಿದ. ಅಮ್ಮ ಒಂದು ಮಾತೂ ಆಡದೆ ಸಂಘದಲ್ಲಿ ಸಾಲ ಎತ್ತಿ ತೀರಿಸಿದಳು. ಪ್ರಾರ್ಥನೆ ಮಾಡಿದಳು, ಉಪವಾಸ ಇದ್ದಳು. ಹುಡುಗನಿಗೆ ಮಾತ್ರ ಏನೂ ತಟ್ಟಲಿಲ್ಲ. ಎರಡನೇ ಸಲ ಮೊತ್ತ ದೊಡ್ಡದಾಯಿತು. ಅವಳ ತ್ಯಾಗ ಸುಳ್ಳಲ್ಲ. ಆದರೆ ತಪ್ಪು ನನ್ನದಾದರೂ ಕಟ್ಟುವವರು ಬೇರೆ ಇದ್ದಾರೆ ಎಂದು ಆ ಮಗು ಕಲಿತುಬಿಟ್ಟಿತು.

ಬೈಬಲ್‌ನಲ್ಲಿ ಯಾಜಕ ಏಲಿಗೆ ಆದದ್ದೂ ಇದೇ. ಅವನ ಮಕ್ಕಳು ಹೊಫ್ನಿ, ಫೀನೆಹಾಸ ಜನ ತಂದ ಬಲಿಯ ಮಾಂಸವನ್ನೇ ಕಸಿಯುತ್ತಿದ್ದರು. ಏಲಿ ಸುಮ್ನೆ ಇರಲಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಮಕ್ಕಳೇ ಎಂದು ಕೇಳಿದ, ಬುದ್ಧಿ ಹೇಳಿದ. ತಡೆಯಲಿಲ್ಲ, ಅಷ್ಟೇ. ಆ ತಪ್ಪನ್ನು ದೇವರು ಅವನ ಮೇಲೆ ಹೊರಿಸಿದ. ಅರಸ ದಾವೀದ ಅಷ್ಟೂ ಮಾಡಲಿಲ್ಲ. ಮಗ ಅದೋನೀಯನನ್ನು ಯಾಕೆ ಹೀಗೆ ಮಾಡಿದೆ ಎಂದು ಒಮ್ಮೆಯೂ ಕೇಳಿರಲಿಲ್ಲವಂತೆ. ಅಪ್ಪ ಬದುಕಿರುವಾಗಲೇ ಆ ಮಗ ತಾನೇ ಅರಸ ಎಂದು ಹೊರಟ.

ನಾನು ಹೊಸನಗರ ಕಡೆಯವನು. ಅಲ್ಲಿ ನಮ್ಮ ಮನೆಗೂ ರಸ್ತೆಗೂ ನಡುವೆ ಹಳ್ಳ. ಅದಕ್ಕೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ. ಆಷಾಢದಲ್ಲಿ ನೀರು ಸಂಕಕ್ಕೆ ಮುಟ್ಟುತ್ತದೆ, ಮರ ಪಾಚಿ ಕಟ್ಟಿ ಜಾರುತ್ತದೆ. ಒಬ್ಬನೇ ಹೋಗಬೇಡ ಎಂದು ಮಗನಿಗೆ ಮೂರು ಸಲ ಹೇಳಿದ್ದೆ. ನಾಲ್ಕನೇ ಸಲ ನೋಡುವಾಗ ಅವನು ಸಂಕದ ನಡುವೆ ಬಗ್ಗಿ ಕಡ್ಡಿ ತೇಲಿಬಿಡುತ್ತಿದ್ದ. ಎಂಟು ವರ್ಷದ ಹುಡುಗ. ಕೂಗಿದರೆ ಬೆಚ್ಚಿ ಜಾರುತ್ತಾನೆ ಅಂತ ಉಸಿರು ಬಿಗಿಹಿಡಿದು ನಡೆದು ಹೋಗಿ ಎತ್ತಿಕೊಂಡೆ.

ಹೊಡೆಯಲಿಲ್ಲ. ಒಂದು ವಾರ ಅಂಗಳ ದಾಟುವಂತಿಲ್ಲ ಎಂದೆ. ಅತ್ತ, ಊಟ ಬಿಟ್ಟ, ನನ್ನ ಜೊತೆ ಮಾತೂ ಬಿಟ್ಟ. ಅವನ ಅಮ್ಮ ಸಾಕು ಬಿಡಿ ಎಂದಳು. ನಾನು ಬಿಡಲಿಲ್ಲ. ಬದಲಿಗೆ ನಾನೂ ಆ ವಾರ ಪೇಟೆಗೆ ಹೋಗಲಿಲ್ಲ, ಭಾನುವಾರ ಒಂದು ಬಿಟ್ಟು. ತಂಗಿ ಹೇಳುವ ಸೇವೆಗೆ ಜಾಗ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಶಿಕ್ಷೆ ಕೊಟ್ಟವರು ಮುಗಿಯುವ ತನಕ ಮಗುವಿನ ಜೊತೆ ಕೂರಬೇಕು. ಐದನೇ ದಿನ ಅವನೇ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತ. ಮಾತಿಲ್ಲ. ನಾನು ಸುಟ್ಟ ಹಲಸಿನ ಬೀಜ ಸುಲಿದು ಕೊಡುತ್ತಾ ಹೋದೆ, ಅವನು ತಿನ್ನುತ್ತಾ ಹೋದ.

ಎಂಟನೇ ದಿನ ಮಳೆ ಸ್ವಲ್ಪ ಹೊಳವಾಯಿತು. ಇಬ್ಬರೂ ಹಳ್ಳದ ತನಕ ಹೋಗಿ ನೀರು ನೋಡಿದೆವು. ಸಂಕದ ಹತ್ತಿರ ಬಂದಾಗ ಅವನೇ ನನ್ನ ಕೈ ಹಿಡಿದುಕೊಂಡ.