ಟವರ್‌ಗಿಂತ ಮೊದಲು ಬೋಗಿಯ ಗಾಜನ್ನು ನೋಡಬೇಕು

ರೈಲಿನಲ್ಲಿ ಫೋನಿನ ಮಾತು ಅರ್ಧಕ್ಕೇ ಕಡಿದುಹೋದರೆ ನಾವೆಲ್ಲ ಬೈಯುವುದು ಟವರನ್ನು. ಜರ್ಮನಿಯಲ್ಲಿ ನೆಲೆಸಿ, ಇಲ್ಲಿನ ಐಸಿಇ ಎಂಬ ಅತಿವೇಗದ ರೈಲುಗಳಲ್ಲಿಯೂ ಊರಿಗೆ ಬಂದಾಗ ನಮ್ಮ ಸ್ಲೀಪರ್ ಬೋಗಿಗಳಲ್ಲಿಯೂ ಓಡಾಡುವ ನನಗೆ, ಆ ಬೈಗುಳದ ದೊಡ್ಡ ಪಾಲು ಬೋಗಿಗೇ ಸಲ್ಲಬೇಕು ಎನಿಸಿದೆ.

ರೇಡಿಯೊ ಅಲೆಯು ಉಕ್ಕಿನ ಅಥವಾ ಅಲ್ಯೂಮಿನಿಯಂ ಗೋಡೆಯನ್ನು ತೂರಿ ಬರಲಾರದು; ಬೋಗಿಯೊಳಗೆ ಬರಲು ಅದಕ್ಕಿರುವ ಮುಖ್ಯ ದಾರಿ ಕಿಟಕಿ. ನಮ್ಮ ಸ್ಲೀಪರ್ ಬೋಗಿಯಲ್ಲಿ ಷಟರ್ ಎತ್ತಿದರೆ ಉಳಿಯುವುದು ಅಡ್ಡ ಸರಳುಗಳು ಮಾತ್ರ, ಆದ್ದರಿಂದ ಗಾಳಿ, ದೂಳಿನ ಜೊತೆಗೆ ಸಿಗ್ನಲ್ ಕೂಡ ಸಾಕಷ್ಟು ಒಳಬರುತ್ತದೆ. ಐಸಿಇ ಕಿಟಕಿ ತೆರೆಯುವುದೇ ಇಲ್ಲ. ಬೇಸಿಗೆಯ ಬಿಸಿಲಿನ ತಾಪವನ್ನು ಹೊರಗೂ ಚಳಿಗಾಲದ ಬಿಸುಪನ್ನು ಒಳಗೂ ಉಳಿಸಿಕೊಳ್ಳಲೆಂದು ಅದರ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪನ ಕೊಟ್ಟಿರುತ್ತಾರೆ. ಬೆಳಕನ್ನು ಬಿಡುವ ಆ ಪದರ ರೇಡಿಯೊ ಅಲೆಯನ್ನು ಮಾತ್ರ ಹಿಂದಕ್ಕಟ್ಟುತ್ತದೆ. ಇಂತಹ ಗಾಜಿನಲ್ಲಿ ಸಿಗ್ನಲ್ 20ರಿಂದ 30 ಡೆಸಿಬಲ್ ಕುಗ್ಗುವುದುಂಟು, ಎಂದರೆ ಹೊರಗಿನ ಶಕ್ತಿಯ ನೂರರಲ್ಲಿ ಒಂದು ಪಾಲೋ ಸಾವಿರದಲ್ಲಿ ಒಂದು ಪಾಲೋ ಒಳಗೆ ತಲುಪುತ್ತದೆ. ಫೋನ್ ತನ್ನ ಪ್ರಸಾರವನ್ನು ಗರಿಷ್ಠಕ್ಕೆ ಏರಿಸುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಲೋನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ ರೈಲು ಗಂಟೆಗೆ 300 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 83 ಮೀಟರ್ ಓಡುವಾಗ, ಹೀಗೆ ಸೊರಗಿದ ಸಿಗ್ನಲ್ಲನ್ನೇ ಒಂದು ಟವರ್ ಇನ್ನೊಂದಕ್ಕೆ ಪದೇ ಪದೇ ಹಸ್ತಾಂತರಿಸಬೇಕಾಗುತ್ತದೆ. ಮಾತು ಕಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಈ ತೊಂದರೆಗೆ ಜರ್ಮನ್ನರು ಮೊದಲು ಕಂಡುಕೊಂಡ ಉಪಾಯ ರಿಪೀಟರ್: ಚಾವಣಿಯ ಆಂಟೆನಾದಿಂದ ಸಿಗ್ನಲ್ ಹಿಡಿದು, ಬಲಪಡಿಸಿ ಒಳಗೆ ಬಿಡುವ ಯಂತ್ರ. ಆದರೆ 3ಜಿ ಹೋಗಿ 4ಜಿ, ಅದಾದ ಮೇಲೆ 5ಜಿ ಬಂದಂತೆ, ಹೊಸ ತರಂಗಾಂತರಗಳಿಗೆ ಹೊಂದುವಂತೆ ಆ ಯಂತ್ರಗಳನ್ನೂ ಬದಲಿಸುತ್ತ ಹೋಗಬೇಕು. ನಾನು ಮನಸಾರೆ ಮೆಚ್ಚುವುದು ಅವರ ಎರಡನೆಯ ದಾರಿಯನ್ನು. 2022ರ ಡಿಸೆಂಬರ್‌ನಲ್ಲಿ ಓಡಾಟ ಆರಂಭಿಸಿದ ಐಸಿಇ 3 ನಿಯೋ ರೈಲುಗಳಿಗೆ ಮೊಬೈಲ್ ಸಿಗ್ನಲ್ಲನ್ನು ಒಳಬಿಡುವ ಗಾಜನ್ನೇ ಹಾಕಿದ್ದಾರೆ. ಇಂತಹ ಗಾಜಿನ ಲೋಹದ ಲೇಪನದಲ್ಲಿ ಲೇಸರ್‌ನಿಂದ ಅತಿ ಸಣ್ಣ ಗೆರೆಗಳನ್ನು ಕೊರೆದು, ಅಖಂಡ ಪದರವನ್ನು ಪುಟ್ಟ ಪುಟ್ಟ ತುಂಡುಗಳಾಗಿ ಬಿಡಿಸುತ್ತಾರೆ. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂ.ಮೀ.; ಅಷ್ಟು ಉದ್ದದ ಅಲೆಯನ್ನು ತಡೆಯಲು ಬೇಕಾದ ವಿದ್ಯುತ್ ಹರಿವು ತುಂಡಾದ ಪದರದಲ್ಲಿ ಸಾಧ್ಯವಾಗದು. ಶಾಖದ ಅಲೆಗಳಾದರೋ ಮಿಲಿಮೀಟರಿಗಿಂತಲೂ ಎಷ್ಟೋ ಚಿಕ್ಕವು, ಅವುಗಳ ಪಾಲಿಗೆ ಲೋಹ ಮೊದಲಿದ್ದಂತೆಯೇ ಇರುತ್ತದೆ. ವಿದ್ಯುತ್ತೂ ಬೇಡ, ಮುಂದಿನ ತಲೆಮಾರಿನ ಫೋನ್ ಬಂದೊಡನೆ ಬದಲಿಸಬೇಕಾದ ಯಂತ್ರವೂ ಇಲ್ಲ.

ನಮ್ಮವರು ಹಿಡಿದ ದಾರಿ ಬೇರೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ ಸಾವಿರಾರು ನಿಲ್ದಾಣಗಳಿಗೆ ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ವೈಫೈ ತಲುಪಿಸಿತು. ಸಣ್ಣ ಊರಿನ ಪ್ಲಾಟ್‌ಫಾರ್ಮಿನಲ್ಲಿ ಕುಳಿತವನಿಗೂ ಇಂಟರ್ನೆಟ್ ಸಿಕ್ಕಿದ್ದು ದೊಡ್ಡ ಸಂಗತಿ ಎಂದೇ ನನ್ನ ಎಣಿಕೆ. ಆದರೆ ನಾವೂ ಈಗ ತೆರೆದ ಕಿಟಕಿಯಿಂದ ಮುಚ್ಚಿದ ಕಿಟಕಿಯತ್ತ ಸಾಗುತ್ತಿದ್ದೇವೆ. 2022ರ ನವೆಂಬರ್‌ನಿಂದ ಮೈಸೂರು–ಚೆನ್ನೈ ನಡುವೆ ಓಡುತ್ತಿರುವ ವಂದೇ ಭಾರತ್‌ನಲ್ಲಿ ಎತ್ತಲು ಷಟರೂ ಇಲ್ಲ, ಸರಳೂ ಇಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಸುರಂಗಗಳಲ್ಲಿ ಗಾಜಿನಿಂದ ಏನೂ ಆಗದು ನಿಜ. ಅಲ್ಲಿಗೆ ಗೋಡೆಯುದ್ದಕ್ಕೂ ಸಿಗ್ನಲ್ ಸೂಸುವ ಕೇಬಲ್ ಎಳೆಯಬೇಕು. ಬಯಲಿನಲ್ಲಿ ಮಾತ್ರ ಗಾಜಿನ ಆಯ್ಕೆಯೇ ನಿರ್ಣಾಯಕ. ಒಂದು ಬೋಗಿ ದಶಕಗಳ ಕಾಲ ಓಡುವಂಥದ್ದು. ಆದ್ದರಿಂದ ಹೊಸ ಬೋಗಿಗಳಿಗೆ ಟೆಂಡರ್ ಕರೆಯುವಾಗ, ಗಾಜು ಎಷ್ಟು ಶಾಖ ತಡೆಯಬೇಕು ಎಂದು ಬರೆಯುವ ಪುಟದಲ್ಲಿಯೇ ಅದು ಎಷ್ಟು ಸಿಗ್ನಲ್ ಬಿಡಬೇಕು ಎಂಬುದನ್ನೂ ರೈಲ್ವೆ ಬರೆಯಬೇಕು.