ಪಾಳಿ ಕಾಯುವ ಖಳರು, ಬೆವರದ ನಾಯಕರು

ನಮ್ಮ ಜಿಲ್ಲೆಯಲ್ಲಿ ಸರತಿಯ ಶಿಸ್ತನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಅವರು ಶಿರಸಿಯ ಬಸ್ ನಿಲ್ದಾಣಕ್ಕೆ ಹೋಗಬಾರದು. ಸಂಜೆಯ ಹುಬ್ಬಳ್ಳಿ ಬಸ್ಸು ಇನ್ನೂ ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳ ಮೂಲಕ ಟವೆಲ್ಲು, ಕೈಚೀಲ, ಒಮ್ಮೊಮ್ಮೆ ಪುಟ್ಟ ಮಗುವೂ ಒಳಗೆ ಹೋಗಿ ಸೀಟು ಹಿಡಿದಾಗಿರುತ್ತದೆ. ಅವರು ಹೋಗಬೇಕಾದದ್ದು ಚಿತ್ರಮಂದಿರಕ್ಕೆ. ಅಲ್ಲಿ ನಾಯಕನನ್ನು ಮುಗಿಸಲೆಂದೇ ಸುಪಾರಿ ಪಡೆದು, ಮಚ್ಚು, ಸರಪಳಿ, ಹಾಕಿ ಸ್ಟಿಕ್ಕುಗಳೊಂದಿಗೆ ನಾಲ್ಕು ಜೀಪುಗಳಲ್ಲಿ ಬಂದಿಳಿದ ಮೂವತ್ತು ಮಂದಿ ರೌಡಿಗಳು ಅರ್ಧಚಂದ್ರಾಕಾರದಲ್ಲಿ ನಿಂತು, ತಂತಮ್ಮ ಪಾಳಿ ಬರುವ ತನಕ ಆಯುಧ ತಿರುಗಿಸುತ್ತ ಕಾಯುತ್ತಾರೆ. ಒಬ್ಬನೂ ಇನ್ನೊಬ್ಬನ ಪಾಳಿಯನ್ನು ಕಸಿಯುವುದಿಲ್ಲ. ಮುಂದಿನವನು ಗಾಳಿಯಲ್ಲಿ ಹಾರಿ, ಜೀಪಿನ ಗಾಜಿಗೆ ಬಡಿದು, ವಿಧ್ಯುಕ್ತವಾಗಿ ಸೋತ ಮೇಲೆಯೇ ಹಿಂದಿನವನು 'ಏಯ್' ಎಂದು ಕೂಗಿ ಓಡಿ ಬರುತ್ತಾನೆ. ಹಾಗೆ ಕೂಗುವುದೂ ಸೌಜನ್ಯವೇ. ಬೆನ್ನು ತಿರುಗಿಸಿ ನಿಂತ ನಾಯಕನಿಗೆ ತಾನು ಯಾವ ದಿಕ್ಕಿನಿಂದ ಬರುತ್ತಿದ್ದೇನೆಂದು ತಿಳಿಸದೆ ಹೊಡೆಯುವುದು ನಮ್ಮ ಖಳರ ಸಂಸ್ಕೃತಿಯಲ್ಲ.

ಇದನ್ನು ಆಕ್ಷೇಪಿಸಿದರೆ ಅಭಿಮಾನಿಗಳು ತಕ್ಷಣ ಬ್ರೂಸ್ ಲೀಯನ್ನು ಸಾಕ್ಷಿಗೆ ಕರೆಯುತ್ತಾರೆ. 1973ರ 'ಎಂಟರ್ ದ ಡ್ರ್ಯಾಗನ್' ಚಿತ್ರದಲ್ಲೂ ಎದುರಾಳಿಗಳು ಬಹುತೇಕ ಒಬ್ಬೊಬ್ಬರಾಗಿಯೇ ಬಂದು ಪೆಟ್ಟು ತಿನ್ನಲಿಲ್ಲವೇ ಎಂಬುದು ಅವರ ಪ್ರಶ್ನೆ. ತಿಂದದ್ದು ನಿಜ. ಆದರೆ ಹೊಡೆದಾಟದ ಸಿನಿಮಾವನ್ನು ಮನಸ್ಸಿಟ್ಟು ಮಾಡಿದವರು ಈ ಸರತಿಗೊಂದು ಕಾರಣವನ್ನು ಹುಡುಕಿಟ್ಟಿರುತ್ತಾರೆ. ಕೊರಿಯಾದ 'ಓಲ್ಡ್‌ಬಾಯ್' (2003) ಚಿತ್ರದಲ್ಲಿ ಸುತ್ತಿಗೆ ಹಿಡಿದ ನಾಯಕ ಗುಂಪನ್ನು ಎದುರಿಸುವುದು ಉದ್ದನೆಯ, ಇಕ್ಕಟ್ಟಾದ ಓಣಿಯಂಥ ಪಡಸಾಲೆಯಲ್ಲಿ. ಅಲ್ಲಿ ಒಟ್ಟಿಗೆ ಮೇಲೆ ಬೀಳಲು ಜಾಗವೇ ಇಲ್ಲ. ಕ್ಯಾಮೆರಾ ಗೋಡೆಯ ಪಕ್ಕದಲ್ಲಿ ಸರಿಯುತ್ತ ಒಂದೇ ಶಾಟಿನಲ್ಲಿ ಎಲ್ಲವನ್ನೂ ನೋಡುತ್ತದೆ. ನಾಯಕನ ಬೆನ್ನಿಗೆ ಚೂರಿ ನೆಡುತ್ತದೆ, ಅವನು ಬೀಳುತ್ತಾನೆ, ಏಳುತ್ತಾನೆ, ಏದುಸಿರು ಬಿಡುತ್ತಾನೆ. ಹೊಡೆಸಿಕೊಂಡವರು ಹೊಟ್ಟೆ ಹಿಡಿದು ಕುಳಿತಿರುತ್ತಾರೆ, ಇನ್ನು ಕೆಲವರಿಗೆ ಮುಂದೆ ಹೋಗಲು ಧೈರ್ಯ ಸಾಲುವುದಿಲ್ಲ. 2011ರ ಇಂಡೋನೇಷ್ಯಾದ 'ದ ರೈಡ್' ಚಿತ್ರದಲ್ಲಿ ಪೆನ್ಚಾಕ್ ಸಿಲಾಟ್ ಎಂಬ ಅಲ್ಲಿನ ಸಮರಕಲೆಯನ್ನು ಬಹುಮಹಡಿ ಕಟ್ಟಡವೊಂದರ ಬಾಗಿಲು, ಮೆಟ್ಟಿಲು, ಮೂಲೆಗಳಿಗೆ ಹೊಂದಿಸಿ ಹೆಣೆದಿದ್ದಾರೆ. ನಮ್ಮ ನಾಯಕನಾದರೋ ಹೊಡೆದಾಡುವುದು ವಿಶಾಲವಾದ ಬಯಲಿನಲ್ಲಿ. ಮೂವತ್ತು ಜನ ಒಟ್ಟಾಗಿ ಮೇಲೆ ಬಿದ್ದಿದ್ದರೆ ಸಿನಿಮಾ ಎರಡೇ ನಿಮಿಷಗಳಲ್ಲಿ ಮುಗಿದು, ಯಲ್ಲಾಪುರ, ಸಿದ್ದಾಪುರದ ಕಡೆಯ ಪ್ರೇಕ್ಷಕರು ಕೊನೆಯ ಬಸ್ಸು ತಪ್ಪಿಸಿಕೊಳ್ಳದೆ ಮನೆ ಸೇರುತ್ತಿದ್ದರು.

ಗುರುತ್ವಾಕರ್ಷಣೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಆ ನಿಯಮವು ಉತ್ತರ ಕನ್ನಡದಲ್ಲಿ ಇಂದಿಗೂ ಜಾರಿಯಲ್ಲಿದೆ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. 2024ರ ಆಗಸ್ಟ್ 7ರ ಮಧ್ಯರಾತ್ರಿ ದಾಟಿದ ಹೊತ್ತಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಅದರ ಮೇಲಿದ್ದ ಲಾರಿ ನೇರವಾಗಿ ಕೆಳಕ್ಕೇ ಹೋಯಿತು. ಅದು ಮೂರು ಸುತ್ತು ತಿರುಗಲೂ ಇಲ್ಲ, ಬೆಂಕಿಯುಂಡೆಯಾಗಲೂ ಇಲ್ಲ. ನೀರಿಗೆ ಬಿದ್ದ ಚಾಲಕನನ್ನು ಜೀವಸಹಿತ ಮೇಲೆ ತಂದವರು ಅಂಗಿ ಹರಿದುಕೊಂಡು ಎದೆ ತೋರಿಸಲೂ ಇಲ್ಲ. ಸಿನಿಮಾದಲ್ಲಿ ಮಾತ್ರ ನಾಯಕನ ಹೆಬ್ಬೆರಳು ಸೋಕಿದ ಮಾತ್ರಕ್ಕೆ ನೂರು ಕಿಲೋ ತೂಕದ ಪೈಲ್ವಾನನು ನೆಲಕ್ಕೆ ಸಮಾನಾಂತರವಾಗಿ ತೇಲುತ್ತ ಹೋಗಿ ವಿದ್ಯುತ್ ಕಂಬವನ್ನು ಮುರಿಯುತ್ತಾನೆ. ಅಡಿಕೆ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿ ತುಂಬುವ ಶಿರಸಿಯ ಯಾವ ಹಮಾಲನನ್ನು ಕೇಳಿದರೂ ಹೇಳಿಯಾನು: ಭಾರ ಎತ್ತುವ ಮುಂಚೆ ಕಾಲು ಊರಬೇಕು, ಮೊಣಕಾಲು ಬಗ್ಗಬೇಕು, ಸೊಂಟ ಒಪ್ಪಬೇಕು. ಸಮರಕಲೆಯ ಗುರುಗಳು ಕಲಿಸುವುದೂ ಇದನ್ನೇ. ಹೊಡೆತ ಹುಟ್ಟುವುದು ಅಂಗಾಲಿನಲ್ಲಿ. ಅದು ಸೊಂಟದ ತಿರುವಿನಲ್ಲಿ ಬಲಿತು, ಭುಜವನ್ನು ದಾಟಿ, ಕೊನೆಗೆ ಮುಷ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಾಂಗ್‌ಕಾಂಗಿನ ನಿರ್ದೇಶಕರು ಹೊಡೆದಾಡುವವನನ್ನು ತಲೆಯಿಂದ ಪಾದದವರೆಗೆ ಚೌಕಟ್ಟಿನೊಳಗೆ ನಿಲ್ಲಿಸುತ್ತಿದ್ದುದು ಇದಕ್ಕಾಗಿಯೇ. ಪಾದವನ್ನು ಕತ್ತರಿಸಿ ಮುಖವನ್ನಷ್ಟೇ ತೋರಿಸಿದರೆ ಪ್ರೇಕ್ಷಕನಿಗೆ ಕಾಣುವುದು ಕೋಪ ಮಾತ್ರ. ಬಲ ಎಲ್ಲಿಂದ ಬಂತೆಂಬುದು ಕಾಣುವುದಿಲ್ಲ.

ದೃಶ್ಯವನ್ನು ಚೂರುಚೂರು ಮಾಡಿ ಜೋಡಿಸುವ ಸಂಕಲನದ ಕತ್ತರಿಯ ರೋಗವೂ ಇದೆ; ಅದು ನಮ್ಮದೊಂದೇ ಅಲ್ಲವೆಂಬುದು ಸಮಾಧಾನದ ಸಂಗತಿ. ಪಶ್ಚಿಮದ 'ಟೇಕನ್ 3' (2014) ಎಂಬ ಚಿತ್ರದಲ್ಲಿ ನಾಯಕನೊಬ್ಬ ತಂತಿಬೇಲಿ ಹಾರುವ ಸುಮಾರು 6 ಸೆಕೆಂಡುಗಳ ದೃಶ್ಯವನ್ನು 12ಕ್ಕೂ ಹೆಚ್ಚು ತುಂಡುಗಳನ್ನು ಜೋಡಿಸಿ ತಯಾರಿಸಿದ್ದಾರೆ. ನಮ್ಮೂರಿನ ದನಗಳು ಇದೇ ಕೆಲಸವನ್ನು ಸಂಕಲನಕಾರನ ನೆರವಿಲ್ಲದೆ ದಿನವೂ ಮಾಡುತ್ತವೆ.

ಜಾಕಿ ಚಾನ್ ಮತ್ತು ಸ್ಯಾಮೊ ಹಂಗ್ ಇಬ್ಬರೂ ಬಾಲ್ಯವನ್ನು ಕಳೆದದ್ದು ಹಾಂಗ್‌ಕಾಂಗಿನಲ್ಲಿ ಪೀಕಿಂಗ್ ಒಪೇರಾ ಎಂಬ ಚೀನೀ ರಂಗಕಲೆಯ ಶಾಲೆಯೊಂದರಲ್ಲಿ, ಕಠೋರ ಗುರುವಿನ ಬೆತ್ತದ ಕೆಳಗೆ. ಅಲ್ಲಿ ಲಾಗ ಹಾಕುವುದು, ಕತ್ತಿ ಬೀಸುವುದು, ಹಾಡುವುದು, ಮುಖಕ್ಕೆ ಬಣ್ಣ ಹಚ್ಚುವುದು ಎಲ್ಲವೂ ಒಂದೇ ವಿದ್ಯೆಯ ಭಾಗಗಳು. ತಾಳವಾದ್ಯದ ಪೆಟ್ಟಿಗೆ ಸರಿಯಾಗಿ ಮೈ ನಿಲ್ಲಬೇಕು, ಸಿಡಿಯಬೇಕು, ಮತ್ತೆ ನಿಲ್ಲಬೇಕು. ಅವರ ಸಿನಿಮಾದ ಹೊಡೆದಾಟ ನೋಡಲು ಅಷ್ಟು ಹಿತವಾಗುವುದು ಈ ನಿಲುಗಡೆಗಳಿಂದ. ಕ್ಷಣಮಾತ್ರ ಎಲ್ಲ ಸ್ತಬ್ಧವಾಗಿ, ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಏನಿದೆ, ಮುಂದಿನ ಪೆಟ್ಟು ಎತ್ತ ಎಂಬುದು ಕಣ್ಣಿಗೆ ತಿಳಿದ ಮೇಲೆ ಮುಂದಿನ ಸಿಡಿತ. ಹೊನ್ನಾವರ, ಕುಮಟೆ, ಶಿರಸಿ, ಸಿದ್ದಾಪುರದವರಿಗೆ ಇದನ್ನು ಹೊರಗಿನವರು ವಿವರಿಸುವ ಅಗತ್ಯವೇ ಇರಲಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಭಾಗವತರು ಯುದ್ಧದ ಪದ್ಯವನ್ನು ಏರಿಸಿದಾಗ ಚಂಡೆಯ ಪೆಟ್ಟು, ಗೆಜ್ಜೆಯ ಕಾಲು, ಬಿಲ್ಲಿನ ಬೀಸು ಮೂರೂ ಒಂದೇ ಬಿಂದುವಿನಲ್ಲಿ ಕೂಡಿ, ಬಿಡ್ತಿಗೆ ಎಂಬ ತಾಳದ ಗತ್ತು ಮುಗಿಯುವ ಹೊತ್ತಿಗೆ ವೇಷ ಕಲ್ಲಿನಲ್ಲಿ ಕಡೆದಂತೆ ನಿಂತಿರಬೇಕು. ಅರೆಕ್ಷಣ ತಪ್ಪಿದರೂ ಮುಂದಿನ ಸಾಲಿನ ಅಜ್ಜನೊಬ್ಬ ಕವಳ ಉಗಿದು ಬಂದು ಅದನ್ನು ಪಕ್ಕದವನಿಗೆ ಹೇಳಿಯೇ ತೀರುತ್ತಾನೆ. ಮೊಣಕಾಲೂರಿ ಗಿರಗಿರನೆ ಸುತ್ತುವ ಮಂಡಿ ಹಾಕುವಾಗ ಸಭೆ ಸುತ್ತುಗಳನ್ನು ಎಣಿಸುತ್ತದೆ. ರಂಗಸ್ಥಳದಲ್ಲಿ ಕತ್ತರಿಯಿಲ್ಲ, ಬದಲಿ ಮೈಯಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಎಪ್ಪತ್ತು ದಾಟಿದ ಮೇಲೂ ಭಸ್ಮಾಸುರನಾಗಿ ಬಂದಾಗ ಬಣ್ಣದೊಡನೆ ಇಳಿಯುತ್ತಿದ್ದ ಬೆವರನ್ನು ಸಭೆಯ ಎದುರು ಯಾರೂ ಅಳಿಸಿ ತೆಗೆದವರಿಲ್ಲ.

ಇಂಥ ಆಟಗಳನ್ನು ಬೆಳಗಿನವರೆಗೆ ನೋಡಿದ ಜನರೇ ಇಂದು ಮೊಮ್ಮಕ್ಕಳ ಒತ್ತಾಯಕ್ಕೆ ಚಿತ್ರಮಂದಿರಕ್ಕೆ ಬಂದು ಕೂರುತ್ತಾರೆ. ಅಂಥ ಹಿರಿಯರೊಬ್ಬರು ಭಾರೀ ಚಿತ್ರವೊಂದರ ಕೊನೆಯ ಕಾಳಗ ಮುಗಿದಾಗ, ಸಿಳ್ಳೆಗಳ ನಡುವೆ, ಮೊಮ್ಮಗನ ಕಡೆ ಬಗ್ಗಿ ಕೇಳಿದ್ದು ಹಿಂದಿನ ಸಾಲಿಗೂ ಕೇಳಿಸಿತು: "ತಮಾ, ಇಷ್ಟೆಲ್ಲ ಹೊಡೆದಾಡಿರೂ ಇಂವ ಬೆವರಿದ್ನೇ ಇಲ್ಲೆ ಅಲ್ದನಾ?" ಮೊಮ್ಮಗನ ಬಳಿ ಉತ್ತರವಿರಲಿಲ್ಲ. ನಾಯಕನ ಕೂದಲು ಸಹ ಬಾಚಿದ ಹಾಗೆಯೇ ಇತ್ತು.

ಸಿನಿಮಾದಲ್ಲಿ ನಟರನ್ನು ಗಾಳಿಯಲ್ಲಿ ತೇಲಿಸುವ ಹಗ್ಗದ ಬಗ್ಗೆ ನನಗೆ ತಕರಾರಿಲ್ಲ. ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಬೇಡರ ವೇಷ ನೋಡಿದವರಿಗೆ ಹಗ್ಗದ ಮಹಿಮೆ ಗೊತ್ತು. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು, ತಮಟೆಯ ಸದ್ದಿಗೆ ಬೀದಿಯಲ್ಲಿ ಅಬ್ಬರಿಸುವ ಬೇಡನನ್ನು ಹಿಂದಿನಿಂದ ಹಗ್ಗ ಹಿಡಿದವರು ಜಗ್ಗಿ ತಡೆಯುತ್ತಿರುತ್ತಾರೆ. ಹಗ್ಗ ಎಲ್ಲರಿಗೂ ಕಾಣುತ್ತದೆ. ಕಂಡರೂ ಮಕ್ಕಳು ಹೌಹಾರಿ ಹಿಂದೆ ಸರಿಯುತ್ತಾರೆ, ದೊಡ್ಡವರೂ ಒಂದು ಹೆಜ್ಜೆ ಸರಿಯುತ್ತಾರೆ, ಏಕೆಂದರೆ ಹಗ್ಗದ ಬಿಗಿತದಲ್ಲೇ ಆ ಮೈಯ ಬಲ ಎಷ್ಟೆಂಬುದು ಗೊತ್ತಾಗುತ್ತದೆ. ಯುಯೆನ್ ವೂ-ಪಿಂಗ್ ಸಾಹಸ ಸಂಯೋಜಿಸಿದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' (2000) ಚಿತ್ರದಲ್ಲಿ ಕಲಾವಿದರು ಬಿದಿರು ಮೆಳೆಯ ತುದಿಯಲ್ಲಿ ತೂಗಾಡುತ್ತ ಕತ್ತಿ ಬೀಸುವುದೂ ತಂತಿಯ ಆಸರೆಯಿಂದಲೇ. ಆದರೆ ಅಲ್ಲಿ ಕಾಲಿಟ್ಟ ಬಿದಿರು ಬಾಗುತ್ತದೆ. ಹಾರುವವರಿಗೂ ಇಷ್ಟು ತೂಕ ಇರಲಿ ಎಂದು ಯಾರೋ ಯೋಚಿಸಿದ್ದಾರೆ. ನಮ್ಮ ಸಿನಿಮಾಗಳಲ್ಲಿ ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸುವಾಗ ತೂಕವನ್ನೂ ಜೊತೆಗೇ ಅಳಿಸಿಬಿಡುತ್ತಾರೆ.

ವಿದ್ಯಾಭ್ಯಾಸದ ಮಾತು ಬಂದರೆ ನಮ್ಮ ನಾಯಕನದು ಶೀಘ್ರ ಕಲಿಕೆ. 1978ರ 'ದ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್' ಚಿತ್ರದ ಬಹುದೊಡ್ಡ ಭಾಗ ಬರೀ ತಾಲೀಮು. ತೋಳುಗಳಿಗೆ ಚೂರಿ ಕಟ್ಟಿಕೊಂಡು, ಕೈ ಜೋತುಬಿದ್ದರೆ ಪಕ್ಕೆಗೆ ಚುಚ್ಚುವಂತೆ, ಶಿಷ್ಯನು ಎರಡೂ ಕೈಗಳಲ್ಲಿ ನೀರಿನ ಬಕೆಟ್ಟು ಹೊತ್ತು ನಡೆಯಬೇಕು. ಕೊನೆಯಲ್ಲಿ ಅವನು ಗೆದ್ದಾಗ ನಮಗಾಗುವ ಸಂತೋಷದಲ್ಲಿ ಆ ನೀರು ಹೊತ್ತ ದಿನಗಳ ಪಾಲಿದೆ. ನಮ್ಮ ನಾಯಕನ ಪಠ್ಯಕ್ರಮದಲ್ಲಿ ಇರುವುದು ಎರಡೇ ಪಾಠ: ತಾಯಿ ಅಳಬೇಕು, ಅಂಗಿ ಹರಿಯಬೇಕು. ಊರಿನ ಶಾಲೆಯಂಗಳದಲ್ಲಿ ಬಿಳಿ ಬೆಲ್ಟಿನಿಂದ ಹಳದಿ ಬೆಲ್ಟಿಗೆ ಏರಲು ತಿಂಗಳುಗಟ್ಟಲೆ ಒದ್ದಾಡುವ ಮಕ್ಕಳು ಇದನ್ನು ನೋಡಿ ಕರಾಟೆ ಮಾಸ್ತರರಿಗೆ ಏನು ಕೇಳುತ್ತಾರೋ ಊಹಿಸಿಕೊಳ್ಳಿ.

ನಿಜವಾದ ಅಪಾಯವೇ ಬೇಕೆಂಬ ವಾದ ನನ್ನದಲ್ಲ. 1985ರ 'ಪೊಲೀಸ್ ಸ್ಟೋರಿ'ಯಲ್ಲಿ ಜಾಕಿ ಚಾನ್ ಮಾಲೊಂದರ ಮೇಲಂತಸ್ತಿನಿಂದ ಬೆಳಗುವ ಬಲ್ಬುಗಳ ಸರ ಸುತ್ತಿದ ಕಂಬ ಹಿಡಿದು ಜಾರಿ ಅಂಗೈ ಸುಟ್ಟುಕೊಂಡರು. ಚಿತ್ರ ಆ ಜಾರಾಟವನ್ನು ಬೇರೆ ಬೇರೆ ಕೋನಗಳಿಂದ ಮೂರು ಸಲ ತೋರಿಸುತ್ತದೆ. ನೋಡಿ ಬೆರಗಾಗಬಹುದು, ಎಲ್ಲರೂ ಹಾಗೆ ಮಾಡಿರೆಂದು ಹೇಳಲಾಗದು. ನಮ್ಮಲ್ಲೇ 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ಕಲಾವಿದರು ಮುಳುಗಿ ಪ್ರಾಣ ಬಿಟ್ಟರು. ಬೇಕಾಗಿರುವುದು ಜೀವದ ಪಣವಲ್ಲ, ತಾಲೀಮಿನ ದಿನಗಳು. ಆ ದಿನಗಳಿಗೆ ನಿರ್ಮಾಪಕರ ಬಳಿ ದುಡ್ಡಿರುವುದಿಲ್ಲ. ನಾಯಕನ ಪ್ರವೇಶಕ್ಕೆ ಇಪ್ಪತ್ತು ಜೀಪುಗಳನ್ನು ಸ್ಫೋಟಿಸಲು ಇರುತ್ತದೆ.

ಸರ್ಕಾರಕ್ಕೂ ತನ್ನದೇ ಆದ್ಯತೆಗಳಿವೆ. ನಾಯಕ ಸಿಗರೇಟು ಹಚ್ಚಿದ ಕೂಡಲೇ ಪರದೆಯ ಕೆಳಗೆ ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಸಾಲು ಮೂಡಬೇಕೆಂಬ ನಿಯಮ 2012ರಿಂದ ಇದೆ. ಅದೇ ಸಿಗರೇಟನ್ನು ತುಟಿಯಲ್ಲಿ ಕಚ್ಚಿಕೊಂಡು ಅವನು ಹನ್ನೆರಡು ಜನರನ್ನು ಮಚ್ಚಿನಿಂದ ಕಡಿಯುತ್ತಿರುವಾಗಲೂ ಪರದೆಯ ಮೇಲೆ ಅದೇ ಸಾಲು. ಆರೋಗ್ಯದ ಚಿಂತೆ ಶ್ವಾಸಕೋಶದಿಂದ ಆಚೆಗೆ ಹೋಗುವುದಿಲ್ಲ. ಚಿತ್ರದ ಆರಂಭದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲವೆಂಬ ಘೋಷಣೆ ಬರುತ್ತದೆ. ಖಳರ ಪರವಾಗಿ ಅಂಥದೊಂದು ಘೋಷಣೆಯನ್ನು ಬೇಡುವವರು ಯಾರೂ ಇಲ್ಲ, ಅವರಿಗೆ ಪೆಟ್ಟೇ ಬಿದ್ದಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿರುವುದರಿಂದಲೋ ಏನೋ.

ಕರಾವಳಿಯಲ್ಲಿ ಚಿತ್ರೀಕರಣಕ್ಕೆ ಬರುವ ನಿರ್ದೇಶಕರು ಕಡಲತೀರದ ಸೂರ್ಯಾಸ್ತವನ್ನೇ ಹುಡುಕುತ್ತಾರೆ. ಅವರಿಗೆ ನನ್ನದೊಂದು ನಮ್ರ ಸಲಹೆ: ಹೊಡೆದಾಟವನ್ನು ಬೆಳಗಿನ ಹೊತ್ತು ಕಾರವಾರದ ಮೀನು ಮಾರುಕಟ್ಟೆಯಲ್ಲಿ ಇಡಿ. ಪ್ರತಿ ಚಿತ್ರದಲ್ಲೂ ನಾಯಕ ಸಂತೆಗೆ ನುಗ್ಗಿ ಟೊಮೆಟೊ ಗಾಡಿಗಳನ್ನು ಪುಡಿಗಟ್ಟುತ್ತಾನೆ, ಗಾಡಿಯವನು ಕೈಕಟ್ಟಿ ಮೂಲೆಯಲ್ಲಿ ನಿಂತು ಅಭಿಮಾನದಿಂದ ನೋಡುತ್ತಾನೆ. ಇಲ್ಲಿ ಆ ಸೌಲಭ್ಯವಿಲ್ಲ. ಸಾಲುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಬೇಕು, ಆದ್ದರಿಂದ ಖಳರ ಸರತಿಗೆ ಪ್ರತ್ಯೇಕ ಸಮರ್ಥನೆ ಬೇಡ. ನೆಲದ ತುಂಬ ಮಂಜುಗಡ್ಡೆಯ ನೀರು ಮತ್ತು ಮೀನಿನ ಸಿಪ್ಪೆ. ಕಾಲು ಊರದೆ ಮುಷ್ಟಿ ಎತ್ತಿದವನು ತಾನೇ ಬೀಳುತ್ತಾನೆ. ಕ್ಯಾಮೆರಾವನ್ನು ಒಂದು ಕಡೆ ಇಟ್ಟು, ಕತ್ತರಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ. ನಾಯಕ ಮೊದಲನೆಯ ಖಳನನ್ನು ಎತ್ತಿ ಬಂಗುಡೆಯ ಬುಟ್ಟಿಯ ಮೇಲೆ ಒಗೆಯುವ ತನಕ ಎಲ್ಲವೂ ನಿಮ್ಮ ಚಿತ್ರಕಥೆಯಂತೆಯೇ ನಡೆದೀತು. ಆಮೇಲೆ ಬುಟ್ಟಿಯ ಒಡತಿ ಮೀನು ಕೊಯ್ಯುವ ಕತ್ತಿಯನ್ನು ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾಳೆ. "ತಮ್ಮಾ, ಹೊಡೆದಾಟ ಆಮೇಲೆ ಮಾಡು, ಮೊದಲು ಬುಟ್ಟಿಯ ದುಡ್ಡು ಇಡು" ಎಂದು ಅವಳು ಶುರುಮಾಡಿದ ಮೇಲೆ ಕೊಂಕಣಿಯಲ್ಲಿ ಮುಂದುವರಿಯುವ ಮಾತುಗಳನ್ನು ಸೆನ್ಸಾರ್ ಮಂಡಳಿ ಬಿಡುವುದು ಕಷ್ಟ. ಅಕ್ಕಪಕ್ಕದ ಬುಟ್ಟಿಗಳವರೂ ಎದ್ದು ಬರುತ್ತಾರೆ, ಅವರಾರೂ ಪಾಳಿ ಕಾಯುವವರಲ್ಲ. ಬೆವರು ಆ ಹೊತ್ತಿಗೆ ನಾಯಕನ ಹಣೆಯಲ್ಲಿ ತಾನಾಗಿಯೇ ಮೂಡಿರುತ್ತದೆ, ಹಣ ಕೊಡಲು ಅವನ ಬಳಿ ಚಿಲ್ಲರೆ ಇರುವುದಿಲ್ಲ, ಒಗೆಸಿಕೊಂಡ ಖಳನೇ ಮೈಮೇಲಿನ ಬಂಗುಡೆ ಕೊಡವುತ್ತ ಎದ್ದು ಅರ್ಧ ದುಡ್ಡು ತಾನು ಕೊಡುವುದಾಗಿ ಒಪ್ಪಿಕೊಳ್ಳುತ್ತಾನೆ.